ದಿನಕ್ಕೊಂದು ಪಟ, ದಿನಕ್ಕೆರಡು ಹಾಜರಿ

ದಿನಕ್ಕೊಂದು ಫೋಟೋ ತೆಗೀರಿ, ಆಗ ಬದುಕು ಕಣ್ಣಿಗೆ ಬೀಳುತ್ತೆ ಅಂತ ಬೋಧನೆ ಮಾಡುವವರು ಈಗ ಬೀದಿಗಿಬ್ಬರು ಸಿಗುತ್ತಾರೆ. ಕಾಫಿ ಲೋಟದ ಹಬೆ, ದಾಸವಾಳದ ಮೇಲಿನ ಹನಿ, ಸಂತೆಯಲ್ಲಿ ಕೂತ ಮುದುಕಿಯ ಮುಖದ ಸುಕ್ಕು. 'ಎಂಥಾ ಸೌಂದರ್ಯ!' ಅಂತಾರೆ. ಸ್ವಾಮಿ, ಆ ಮುದುಕಿ ನಮ್ಮಜ್ಜಿ. ಅವಳ ಮುಂದಿದ್ದ ಸೊಪ್ಪಿನ ಕಂತೆ ಅವತ್ತು ಮಾರಿತೋ ಇಲ್ಲವೋ ನಿಮ್ಮ ಪಟದಲ್ಲಿ ಕಾಣುವುದಿಲ್ಲ. ಸುಕ್ಕು ಮಾತ್ರ ಚೆನ್ನಾಗಿ ಬಂದಿದೆ.

ನಾವೂ ದಿನಕ್ಕೊಂದು ಪಟ ತೆಗೆಯುವವರೇ. ಕೇರಿಯಿಂದ ಮೊದಲ ಸಲ ಡಿಗ್ರಿ ಮುಗಿಸಿದ ನಾಲ್ಕು ಹುಡುಗರು, ಇಬ್ಬರು ಹುಡುಗಿಯರು. ಗಾಜು ಬಿರುಕು ಬಿಟ್ಟ ಫೋನುಗಳು. ಈ ಅಭ್ಯಾಸ ನಮಗೆ ಕಲೆಯ ಮೋಹದಿಂದ ಹತ್ತಲಿಲ್ಲ. ಹೇಗೆ ಹತ್ತಿತು, ಹೇಳುತ್ತೇವೆ ಕೇಳಿ.

ನಮ್ಮ ಜನರನ್ನು ಸಾಲಾಗಿ ನಿಲ್ಲಿಸಿ ಪಟ ಹಿಡಿಯುವುದು ಹೊಸದೇನಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟ ಹೊರಡಿಸಿತು. ಈ ನೆಲದ ಜನರನ್ನು ಜಾತಿ, ಬುಡಕಟ್ಟು ಎಂದು ವಿಂಗಡಿಸಿ, ಪಟ ಅಂಟಿಸಿ, ಇವರ ಸ್ವಭಾವ ಇಂಥದ್ದು ಎಂದು ಪಕ್ಕದಲ್ಲಿ ಷರಾ ಬರೆಯಿತು. 1857ರ ದಂಗೆ ಕಂಡ ಆಳುವವರಿಗೆ ಆಳಿಸಿಕೊಳ್ಳುವವರ ಗುರುತು ಬೇಕಾಗಿತ್ತು. ಪಟದಲ್ಲಿದ್ದವನ ಜಾತಿ ಮುಖ್ಯವಾಯಿತು, ಅವನ ಹೆಸರು ಬೇಕಾಗಲಿಲ್ಲ.

ಬ್ರಿಟಿಷರು ಹೋದರು, ಕ್ಯಾಮೆರಾ ಹೋಗಲಿಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ಕೂಲಿಕಾರರ ಪಟವನ್ನು ದಿನಕ್ಕೆ ಎರಡು ಸಲ ಮೊಬೈಲ್ ಆ್ಯಪ್‌ನಲ್ಲಿ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಪಟದ ಮೇಲೆ ಹೊತ್ತು ಬೇಕು, ಜಾಗದ ಗುರುತು ಬೇಕು. ದಿನಕ್ಕೊಂದು ಪಟ ಅಂತ ನೀವು ಬೋಧಿಸುತ್ತಿದ್ದಿರಿ. ನಮ್ಮವ್ವನಿಗೆ ದಿನಕ್ಕೆ ಎರಡಾಯಿತು!

ಆ ವರ್ಷ ಕರ್ನಾಟಕದಲ್ಲಿ ಖಾತ್ರಿ ಕೂಲಿ ದಿನಕ್ಕೆ 316 ರೂಪಾಯಿ. ಬೇಸಿಗೆಯಲ್ಲಿ ನಮ್ಮೂರ ಕೆರೆ ಹೂಳೆತ್ತುತ್ತಿದ್ದರು. ಒಂದು ದಿನ ಮಧ್ಯಾಹ್ನದ ಪಟ ಹತ್ತಲೇ ಇಲ್ಲ. ಕಾಯಕ ಬಂಧುವಾಗಿದ್ದ ಹೆಣ್ಣುಮಗಳು ಫೋನ್ ಹಿಡಿದು ಏರಿ ಹತ್ತಿದಳು, ಬೇವಿನ ಮರದ ಹತ್ತಿರ ಹೋದಳು, ಕೈ ಮೇಲೆತ್ತಿ ನೋಡಿದಳು. ಸಿಗ್ನಲ್ ಇಲ್ಲ. ಸಾಲಾಗಿ ನಿಂತವರು ಬಿಸಿಲಲ್ಲಿ ನಿಂತೇ ಇದ್ದರು. ಹಾಜರಿಯಲ್ಲಿ ಆ ದಿನವೇ ಇಲ್ಲ. ಹೊತ್ತ ಮಣ್ಣು ಏರಿ ಮೇಲೆ ರಾಶಿ ಬಿದ್ದಿತ್ತು, ಹೊತ್ತವರು ಮಾತ್ರ ಬಂದೇ ಇರಲಿಲ್ಲವಂತೆ!

ಅವತ್ತು ಬುತ್ತಿ ಕೊಡಲು ಹೋಗಿದ್ದ ನಮ್ಮ ಹತ್ತಿರ ಒಂದು ಪಟ ಇತ್ತು. ಅವ್ವ ಮಂಕರಿ ಹೊತ್ತು ಏರಿ ಹತ್ತುತ್ತಿದ್ದಾಳೆ, ಹಿಂದೆ ಒಂಬತ್ತು ಜನ. ತಾರೀಖು, ಗಂಟೆ ಎಲ್ಲ ಫೋನಿನಲ್ಲಿದೆ. ಹಿಡಿದುಕೊಂಡು ಕಚೇರಿಗೆ ಹೋದೆವು. ಅಲ್ಲಿದ್ದವರು ನೋಡಿ, 'ಚೆನ್ನಾಗಿ ಬಂದದೆ ಕಣಪ್ಪ, ಆದ್ರೆ ಇದು ನಡೆಯಲ್ಲ' ಅಂದರು. ಮಗ ತೆಗೆದ ಪಟ ಸಾಕ್ಷಿಯಲ್ಲ. ಆ ಕಚೇರಿಯ ಮೆಟ್ಟಿಲಿಳಿದ ದಿನದಿಂದ ನಾವು ದಿನಾ ಪಟ ತೆಗೆಯುತ್ತಿದ್ದೇವೆ.

'ಏನ್ಲಾ ಮಗ, ದಿನಾ ಈ ಒಲೆ, ಈ ಕೊಳಗ ತಗ್ದು ಏನ್ ಮಾಡಿಯೆ?' ಅಂತ ಅವ್ವ ನಗುತ್ತಾಳೆ. ಮೊದಮೊದಲು ನಮಗೂ ಗೊತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ ಎಲ್ಲರ ಪಟಗಳನ್ನು ಒಟ್ಟಿಗೆ ನೋಡುತ್ತ ಕೂತೆವು. ಊರ ಬಾಗಿಲ ಟೀ ಅಂಗಡಿಯ ಪಟ ಹನ್ನೊಂದಿದ್ದವು. ಹನ್ನೊಂದರಲ್ಲೂ ನಮ್ಮ ಕೈಯಲ್ಲಿ ಪೇಪರ್ ಕಪ್ಪು, ಮಿಕ್ಕವರ ಕೈಯಲ್ಲಿ ಗಾಜಿನ ಲೋಟ. ವರ್ಷಗಟ್ಟಲೆ ಅಲ್ಲೇ ಟೀ ಕುಡಿದಿದ್ದೇವೆ. ಅಂಬೇಡ್ಕರ್ ಓದಿದ್ದೇವೆ, ಅಸ್ಪೃಶ್ಯತೆ ಮೇಲೆ ಪದ್ಯ ಬರೆದಿದ್ದೇವೆ. ಕೈಯಲ್ಲಿದ್ದ ಕಪ್ಪು ಕಂಡಿರಲಿಲ್ಲ! ಮಾರನೆ ದಿನ ಗಾಜಿನ ಲೋಟ ಕೇಳಿದೆವು. 'ಒಡೆದೋಗವೆ ಕಣ್ರಪ್ಪ' ಅಂದ ಅಂಗಡಿಯವನು. ನಮ್ಮ ಕೈಗೆ ಮಾತ್ರ ಒಡೆಯುವ ಲೋಟ ಅದು ಯಾವ ಕಾರ್ಖಾನೆಯದು?

ಕೆಲವು ಸಂಗಾತಿಗಳು ಗೊಣಗುತ್ತಾರೆ: ಹೋರಾಟ ಬಿಟ್ಟು ಪಟ ತೆಗೆಯೋದು ಮಧ್ಯಮವರ್ಗದ ಶೋಕಿ ಅಂತ. ನಾವು ಕೇಳುತ್ತೇವೆ: ಹೋರಾಟದ ದಿನ ಮಾತ್ರ ನಮ್ಮ ಮುಖ ಕಾಣಬೇಕೆ? 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ಅವತ್ತು ಕ್ಯಾಮೆರಾಗಳು ಬಂದವು, ನಾಡು ಬೆಚ್ಚಿತು. ಅದೇ ಜನ ಅದೇ ಮಲವನ್ನು ದಿನಾ ಹೊತ್ತಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ನಿಷೇಧಿಸುವ ಕಾನೂನು 1993ರಲ್ಲೇ ಆಗಿತ್ತು. 2013ರಲ್ಲಿ ಇನ್ನೊಂದಾಯಿತು. ಕಾಣಿಸಿಕೊಳ್ಳಲು ಮೈಮೇಲೆ ಹೇಲು ಸುರಿದುಕೊಳ್ಳಬೇಕಾದ ನಾಡಿನಲ್ಲಿ ದಿನದ ಪಟ ಶೋಕಿಯಲ್ಲ.

ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ತಾಲ್ಲೂಕು ಪೇಟೆಯಲ್ಲಿ ಚರಂಡಿಯೊಳಗೆ ಎದೆಮಟ್ಟ ಇಳಿದಿದ್ದ ಒಬ್ಬರ ಪಟ ತೆಗೆದು, ಅವರನ್ನು ಕೇಳದೆ ಊರಿಗೆಲ್ಲ ಕಳಿಸಿದೆವು. ಅವರ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಬಂದು ಕೇಳಿದಳು: 'ನಮ್ಮಪ್ಪ ಭಾನುವಾರ ಇಸ್ತ್ರಿ ಅಂಗಿ ಹಾಕ್ಕೊಂಡು ನಗ್ತಾ ಕೂತಿರ್ತಾರೆ. ಅದನ್ಯಾಕಣ್ಣ ನೀವು ತೆಗೆಯಲ್ಲ?' ಉತ್ತರ ಇರಲಿಲ್ಲ. ಷರಾ ಬರೆಯುವ ಬಿಳಿಯನ ಕಣ್ಣು ನಮ್ಮೊಳಗೂ ಕೂತಿತ್ತು.

ಅಮೆರಿಕದ ಕಪ್ಪು ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ 1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯಲ್ಲಿ ಕಸ ಗುಡಿಸುವ ಎಲ್ಲಾ ವಾಟ್ಸನ್ ಎಂಬಾಕೆಯನ್ನು ರಾಷ್ಟ್ರಧ್ವಜದ ಮುಂದೆ ಪೊರಕೆ ಕೊಟ್ಟು ನಿಲ್ಲಿಸಿದ. ಆ ಪಟ ಲೋಕಪ್ರಸಿದ್ಧ. ಆದರೆ ಆತ ಅಷ್ಟಕ್ಕೇ ಬಿಡಲಿಲ್ಲ. ಆಕೆಯ ಮನೆಗೆ ಹೋದ, ಮೊಮ್ಮಕ್ಕಳನ್ನು ತೆಗೆದ, ಆಕೆ ಹೋಗುವ ಚರ್ಚು ತೆಗೆದ. ಪೊರಕೆ ಕೆಳಗಿಟ್ಟ ಮೇಲೂ ಆಕೆ ಇದ್ದಾಳೆ ಎಂದು ತೋರಿಸಿದ. ಕ್ಯಾಮೆರಾವನ್ನು ಆಯುಧ ಎಂದವನು ಅವನೇ. ನಮಗೆ ಬೇಕಾದ ಗುರು ಇವನು, ಕಾಫಿ ಹಬೆಯ ಪಂಡಿತರಲ್ಲ.

ಆದ್ದರಿಂದ ಕೇರಿಯ ಗೆಳೆಯರೇ, ಗೆಳತಿಯರೇ, ದಿನಕ್ಕೊಂದು ಪಟ ತೆಗೆಯಿರಿ. ಕೇಳಿ ತೆಗೆಯಿರಿ. ಬ್ಯಾಡ ಅಂದರೆ ಫೋನು ಕೆಳಗಿಳಿಸಿ. ಹೆಸರು ಬರೆಯಿರಿ, ತಾರೀಖು ಬರೆಯಿರಿ, ಅವತ್ತಿನ ಕೂಲಿ ಎಷ್ಟು ಬರೆಯಿರಿ. ಹೊರಗಿಟ್ಟ ಲೋಟವನ್ನೂ ತೆಗೆಯಿರಿ, ಇಸ್ತ್ರಿ ಅಂಗಿಯನ್ನೂ ತೆಗೆಯಿರಿ. ತಿಂಗಳಿಗೊಮ್ಮೆ ಒಟ್ಟಿಗೆ ಕೂತು ನೋಡಿ.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಖಾತ್ರಿ ಕಾನೂನಿನ ಜಾಗಕ್ಕೆ ಬೇರೆ ಕಾನೂನು ತಂದಿತು. ಹೆಸರು ಬದಲಾಯಿತು, ಅವ್ವನ ಬಾಕಿ ಹಾಗೇ ಇದೆ. ಏರಿ ಹತ್ತುವ ಹತ್ತು ಜನರ ಆ ಪಟವೂ ನಮ್ಮ ಹತ್ತಿರ ಹಾಗೇ ಇದೆ. ಹತ್ತೂ ಹೆಸರು ಬರೆದಿಟ್ಟಿದ್ದೇವೆ. ಮತ್ತೆ ತಗೊಂಡು ಹೋಗುತ್ತೇವೆ, ಈ ಸಲ ಹತ್ತು ಜನರನ್ನೂ ಕರಕೊಂಡು.