ಕೇರೆಹಾವಿಗೆ ಜೋಡಿ ಹುಡುಕಿದ್ದು

ಹೋದ ಭಾನುವಾರ ಹಿತ್ತಿಲ ನೀಲಿ ಡ್ರಮ್ಮಿನ ಬಾಯಿಗೆ ಯಾರೋ ಗೋಣಿಚೀಲ ಬಿಗಿದಿದ್ದರು. ಬಿಚ್ಚಲು ಹೋದೆ. ಮೊಮ್ಮಗ ಓಡಿಬಂದ.

“ಅಜ್ಜಾ, ಬಿಚ್ಚಬ್ಯಾಡ! ಒಳಗೆ ಕೇರೆಹಾವೈತೆ. ಅದಕ್ಕೊಂದು ಹೆಣ್ಣು ತಂದು ಬಿಡ್ತೀವಿ. ಆಮೇಲೆ ಮರಿ ಆಗ್ತಾವೆ!”

ನನ್ನ ಎದೆ ಧಸಕ್ಕೆಂದಿತು. ಹಿಡಿದದ್ದು ಕೇರೆಯೇ ಆಗಿತ್ತು, ಪುಣ್ಯ. ನಾಗರವಾಗಿದ್ದರೆ?

ಹುಡುಗರು ಗದ್ದೆ ಬದುವಿನ ಮೇಲೆ ಎರಡು ಕೇರೆಹಾವು ಹೆಣೆದುಕೊಂಡು ಎದ್ದು ನಿಂತದ್ದನ್ನು ಕಂಡರಂತೆ. ಒಂದು ಸಿಕ್ಕಿತು, ಇನ್ನೊಂದು ಬೇಲಿ ನುಸುಳಿತು. ಸಿಕ್ಕಿದ್ದು ಗಂಡು, ತಪ್ಪಿಸಿಕೊಂಡದ್ದು ಹೆಣ್ಣು ಎಂದು ಅವರೇ ತೀರ್ಮಾನ ಮಾಡಿದ್ದರು. ಅವರನ್ನು ಬೈಯುವ ಹಾಗಿಲ್ಲ. ನಾನು ಚಿಕ್ಕವನಿದ್ದಾಗ ಇಂಥದ್ದೇ ‘ಜೋಡಿ’ಯ ಮೇಲೆ ನಮ್ಮಜ್ಜಿ ಬಿಳಿ ಪಂಚೆ ಎಸೆದು ಕೈಮುಗಿದಿದ್ದಳು.

ಹಾಗೆ ಎದ್ದು ಹೆಣೆದುಕೊಳ್ಳುವುದು ಗಂಡ ಹೆಂಡತಿಯಲ್ಲ ಮಕ್ಕಳೇ, ಎರಡೂ ಗಂಡು! ಅದು ಕುಸ್ತಿ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿದವನು ಗೆದ್ದ, ಸೋತವನು ಜಾಗ ಬಿಟ್ಟ. ನಿಜವಾದ ಜೋಡಿ ಇಷ್ಟು ಗದ್ದಲ ಮಾಡುವುದಿಲ್ಲ. ಗಂಡು ನಾಲಿಗೆ ಚಾಚಿ ಹೆಣ್ಣಿನ ವಾಸನೆ ಹಿಡಿದು ಹಿಂದೆ ಹೋಗುತ್ತದೆ, ಆಮೇಲೆ ಎರಡೂ ನೆಲದ ಮೇಲೇ ಬಾಲ ಸೇರಿಸಿ ಮಲಗಿರುತ್ತವೆ. ನಾಗರಹಾವಿಗೆ ಕೇರೆಯೇ ಗಂಡ ಅನ್ನುವ ಮಾತೂ ಸುಳ್ಳು. ಅವು ಬೇರೆ ಬೇರೆ ಜಾತಿ. ನಾಗರದಲ್ಲೂ ಗಂಡು ಹೆಣ್ಣು ಇವೆ, ಕೇರೆಯಲ್ಲೂ ಇವೆ.

ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಹಿ ಹೋಲಿಸಿ ನೋಡಿದ ಕಣ್ಣು ನನ್ನದು. ಆದರೂ ಹಾವಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಹೇಳಲಾರೆ. ಗಂಡಿಗೆ ಬಾಲದ ಬುಡ ದಪ್ಪ ಎನ್ನುತ್ತಾರೆ, ಅದು ಪಳಗಿದವರಿಗೆ ಮಾತ್ರ ತಿಳಿಯುತ್ತದೆ.

“ಹಂಗಾರೆ ಹಾವಿಗೆ ಯಾರೂ ಜೋಡಿ ಮಾಡ್ಸಲ್ವಾ?” ಅಂದ.

ಮಾಡಿಸುತ್ತಾರೆ. ಮಂಗಳೂರಿನ ಪಿಲಿಕುಳದ ಮೃಗಾಲಯದಲ್ಲಿ ಕಾಳಿಂಗ ಸರ್ಪಗಳಿಂದ ಮರಿ ಪಡೆದಿದ್ದಾರೆ. ಅದೇನು ಸುಲಭವಲ್ಲ. ಕಾಳಿಂಗಕ್ಕೆ ಹಾವೇ ಊಟ. ಕಾಲವಲ್ಲದ ಕಾಲದಲ್ಲಿ, ಹಸಿದಿರುವಾಗ ಒಂದೇ ಕೋಣೆಗೆ ಬಿಟ್ಟರೆ ಮದುವೆಯ ಬದಲು ತಿಥಿ ಆದೀತು. ನಮ್ಮ ಆಗುಂಬೆಯ ಕಾಡಿನಲ್ಲೇ ಗಂಡು ಕಾಳಿಂಗವೊಂದು ಹೆಣ್ಣನ್ನು ಕೊಂದದ್ದನ್ನು ಸಂಶೋಧಕರು ಕಂಡಿದ್ದಾರೆ. ಎಲ್ಲ ಸರಿಹೋದರೆ ಹೆಣ್ಣು ಕಾಳಿಂಗ ತರಗೆಲೆಗಳನ್ನು ಮೈಯಿಂದ ಎಳೆದು ರಾಶಿ ಮಾಡಿ, ಗೂಡು ಕಟ್ಟಿ, ಮೊಟ್ಟೆ ಕಾಯುತ್ತದೆ. ಅಂದಹಾಗೆ, 2024ರಲ್ಲಿ ಪಶ್ಚಿಮ ಘಟ್ಟದ ಈ ಹಾವನ್ನು ಬೇರೆಯೇ ಪ್ರಭೇದವೆಂದು ಗುರುತಿಸಿದಾಗ ವಿಜ್ಞಾನಿಗಳು ಅದಕ್ಕೆ ಕೊಟ್ಟದ್ದು ನಮ್ಮ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ.

ಆ ಮೃಗಾಲಯಕ್ಕೆ ಸರ್ಕಾರದ ಅನುಮತಿ ಇದೆ, ನಮ್ಮ ಡ್ರಮ್ಮಿಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥ ಹಾವು ಹಿಡಿಯುವುದೂ ಸಾಕುವುದೂ ಅಪರಾಧ ಅಂದೆ. ಅವನ ಮುಖ ಬಾಡಿತು.

ಸಂಜೆ ಡ್ರಮ್ಮನ್ನು ಹುಷಾರಾಗಿ ಗದ್ದೆಗೆ ಒಯ್ದು, ಬಾಯಿ ಬಿಚ್ಚಿ, ಅಡ್ಡ ಉರುಳಿಸಿ ದೂರ ನಿಂತೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸರ್ರನೆ ಹೊರಬಂದು ಇಲಿ ಬಿಲಗಳಿರುವ ಬದುವಿನ ಕಡೆ ಹೋಯಿತು.

“ಅಜ್ಜಾ, ಕುಸ್ತಿ ಇವನು ಗೆದ್ದಿದ್ನಾ, ಸೋತಿದ್ನಾ?”

ನನಗೆ ಹೇಗೆ ಗೊತ್ತಾಗಬೇಕು? ಮುಗಿಯೋ ಮೊದಲೇ ಹಿಡಿದು ಡ್ರಮ್ಮಿಗೆ ಹಾಕಿದವನು ಅವನೇ.