ನೆಲ ಮೇಲೇಳುವ ಕಡಲಲ್ಲಿ ಮೋಟಾರು ದೋಣಿ

ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳ ನಡುವೆ ಚಾಚಿಕೊಂಡಿರುವ ಬೋತ್ನಿಯಾ ಕೊಲ್ಲಿ ಒಂದು ಕಡೆ ಸೊಂಟದಂತೆ ಕಿರಿದಾಗುತ್ತದೆ. ಆ ಜಾಗದ ಹೆಸರು ಕ್ವಾರ್ಕೆನ್. ಫಿನ್ಲೆಂಡಿನ ದಡದಲ್ಲಿ, ವಾಸಾ ಪಟ್ಟಣದ ಎದುರಿಗೆ, ಸುಮಾರು 5,600 ದ್ವೀಪಗಳು ಚೆಲ್ಲಾಡಿವೆ. ದ್ವೀಪ ಎಂದೊಡನೆ ತೆಂಗಿನ ಮರ, ಬೆಳ್ಳನೆಯ ಮರಳು ನೆನಪಾದರೆ ಅದನ್ನು ಮರೆತುಬಿಡಿ. ಇಲ್ಲಿ ಎಷ್ಟೋ ದ್ವೀಪಗಳು ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನಿನಂತೆ ನೀರಿನಿಂದ ತುಸುವೇ ಮೇಲೆದ್ದ ಕಲ್ಲುಗುಡ್ಡೆಗಳು.

ಚಳಿಗಾಲದಲ್ಲಿ ಈ ಕಡಲು ಹೆಪ್ಪುಗಟ್ಟುತ್ತದೆ. ಮಹಾಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಇಲ್ಲಿರುವುದು ನಾಲ್ಕೈದು ಗ್ರಾಂ ಮಾತ್ರ. ಆದ್ದರಿಂದ ಮೋಟಾರು ದೋಣಿಗಳ ವಿಹಾರವೇನಿದ್ದರೂ ಬೇಸಿಗೆಯಲ್ಲಿ. ಆದರೆ ಇದನ್ನು ವಿಹಾರ ಎನ್ನುವುದು ದೋಣಿಯಲ್ಲಿ ಕುಳಿತವರಿಗೆ ಸರಿ. ಚುಕ್ಕಾಣಿ ಹಿಡಿದವನಿಗೆ ಅದು ಪರೀಕ್ಷೆಯೇ.

ಸುಮಾರು 10,000 ವರ್ಷಗಳ ಹಿಂದೆ ಇಲ್ಲಿಂದ ಹಿಮದ ಹಾಸು ಕರಗಿ ಹಿಂದೆ ಸರಿಯಿತು. ಸರಿಯುವಾಗ ತನ್ನ ಅಂಚಿನಲ್ಲಿ ಕಲ್ಲುಮಣ್ಣನ್ನು ಸಾಲುಸಾಲಾಗಿ ಬಿಟ್ಟುಹೋಯಿತು. ಸ್ವೀಡನ್ನಿನ ಭೂವಿಜ್ಞಾನಿ ಯೆರಾರ್ಡ್ ಡೆ ಯೇರ್ ಅವರ ಹೆಸರಿನಿಂದ ಈ ದಿಣ್ಣೆಗಳನ್ನು ಕರೆಯುತ್ತಾರೆ. ವಿಮಾನದಿಂದ ನೋಡಿದರೆ ಉತ್ತ ಹೊಲದ ಸಾಲುಗಳು ನೀರಿನಲ್ಲಿ ಮುಳುಗಿದಂತಿವೆ. ಅಡ್ಡಹಾಯ್ದು ಹೋಗುವ ದೋಣಿಗೆ ಒಂದು ಕ್ಷಣ ಆಳ, ಮರುಕ್ಷಣವೇ ಮೊಳಕಾಲುದ್ದದ ನೀರು! ಆಳ ಅಳೆಯುವ ಪ್ರತಿಧ್ವನಿ ಯಂತ್ರವಿದೆಯಲ್ಲ ಎನ್ನಬಹುದು. ಸಾಮಾನ್ಯವಾದ ಯಂತ್ರ ತಿಳಿಸುವುದು ದೋಣಿಯ ಅಡಿಯಲ್ಲಿರುವ ಆಳವನ್ನು, ಮುಂದಿರುವ ಬಂಡೆಯನ್ನಲ್ಲ. ಅದು ಎಚ್ಚರಿಸುವಷ್ಟರಲ್ಲಿ ಪ್ರೊಪೆಲ್ಲರಿನ ರೆಕ್ಕೆ ಕಲ್ಲಿಗೆ ಬಡಿದಿರುತ್ತದೆ.

ಬೇರೆ ಸಮುದ್ರಗಳಲ್ಲಿ ಇಳಿತದ ಹೊತ್ತಿನಲ್ಲಿ ಬಂಡೆಯೇರಿದ ದೋಣಿಯನ್ನು ಮುಂದಿನ ಭರತ ಎತ್ತಿ ಬಿಡುವುದುಂಟು. ಇಲ್ಲಿ ಆ ಆಸೆಯೂ ಇಲ್ಲ. ಬಾಲ್ಟಿಕ್‌ನ ಭರತ ಇಳಿತ ಲೆಕ್ಕಕ್ಕೆ ಬಾರದಷ್ಟು ಸಣ್ಣವು. ನೀರಿನ ಮಟ್ಟವನ್ನು ಏರಿಳಿಸುವುದು ಗಾಳಿ ಮತ್ತು ವಾಯುಭಾರ. ವಾಯುಭಾರ ಒಂದು ಮಿಲಿಬಾರ್ ಹೆಚ್ಚಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. ಆಕಾಶ ಶುಭ್ರವಾಗಿ, ಬಿಸಿಲು ಹಿತವಾಗಿರುವ ದಿನ ವಾಯುಭಾರ ಸಾಮಾನ್ಯವಾಗಿ ಹೆಚ್ಚಿರುತ್ತದೆ ತಾನೆ? ಹಾಗಾಗಿ ಜನ ಸಂತೋಷದಿಂದ ದೋಣಿ ಬಿಡುವ ಅಂಥ ದಿನವೇ ಬಂಡೆಗಳು ನೀರಿನ ಮೇಲ್ಮೈಗೆ ಇನ್ನಷ್ಟು ಹತ್ತಿರ ಬಂದಿರುತ್ತವೆ.

ದಾರಿ ತೋರಲು ತೇಲುಗಂಬಗಳಿವೆ. ಬಂದರಿನತ್ತ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಹಳದಿ ಕಪ್ಪು ಪಟ್ಟೆಯವು ಇನ್ನೊಂದು ಬಗೆ. ಇವು ಎಡಬಲ ಹೇಳುವುದಿಲ್ಲ, ದಿಕ್ಕು ಹೇಳುತ್ತವೆ. ತುದಿಯ ಎರಡು ಶಂಕುಗಳೂ ಮೇಲ್ಮುಖವಾಗಿದ್ದರೆ ‘ನನ್ನ ಉತ್ತರಕ್ಕೆ ಹೋಗು’ ಎಂದು ಅರ್ಥ, ಕೆಳಮುಖವಾಗಿದ್ದರೆ ದಕ್ಷಿಣಕ್ಕೆ. ದಿಕ್ಸೂಚಿ ನೋಡಲು ಬಾರದವನಿಗೆ ಇವುಗಳಿಂದ ಏನೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಇದ್ದರೂ ನಕ್ಷೆ ಹಳೆಯದಾದರೆ ತೊಂದರೆ ತಪ್ಪಿದ್ದಲ್ಲ. ಏಕೆಂದರೆ ಇಲ್ಲಿ ನೆಲವೇ ಮೇಲೇಳುತ್ತಿದೆ. ಸುಮಾರು ಮೂರು ಕಿಲೋಮೀಟರ್ ದಪ್ಪದ ಹಿಮದ ಭಾರಕ್ಕೆ ಕುಸಿದಿದ್ದ ಭೂಮಿಯ ಚಿಪ್ಪು, ಭಾರ ಇಳಿದ ಮೇಲೆ ನಿಧಾನವಾಗಿ ಮೊದಲಿನ ಸ್ಥಿತಿಗೆ ಮರಳುತ್ತಿದೆ. ಹತ್ತಿಯ ಹಾಸಿಗೆಯಿಂದ ಮೇಲೆದ್ದಾಗ ತಗ್ಗು ಕೂಡಲೇ ತುಂಬುವುದಿಲ್ಲವಲ್ಲ, ಹಾಗೆ. ವರ್ಷಕ್ಕೆ ಎಂಟು ಒಂಬತ್ತು ಮಿಲಿಮೀಟರ್ ಅಷ್ಟೆ. ಆದರೆ ತಾತನ ದೋಣಿ ಸಲೀಸಾಗಿ ದಾಟಿದ ಕಾಲುವೆಯಲ್ಲಿ ಮೊಮ್ಮಗನ ದೋಣಿ ತಳ ಕೆರೆಯಲು ಅಷ್ಟು ಸಾಕು. ಕಾದೇರುತ್ತಿರುವ ಸಾಗರಗಳ ಮಟ್ಟ ಏರಿ ಇದರಲ್ಲಿ ಒಂದು ಪಾಲನ್ನು ನುಂಗುತ್ತಿದ್ದರೂ ಗೆಲ್ಲುತ್ತಿರುವುದು ಸದ್ಯಕ್ಕೆ ನೆಲವೇ.

1606ರಲ್ಲಿ ಸ್ಥಾಪನೆಯಾದ ವಾಸಾ ಪಟ್ಟಣದ ಬಂದರು ಹೀಗೆಯೇ ಬತ್ತುತ್ತಾ ಬಂತು. 1852ರ ಬೆಂಕಿಯಲ್ಲಿ ಊರು ಸುಟ್ಟುಹೋದಾಗ ಜನ ಹಳೆಯ ಜಾಗದಲ್ಲಿ ಮನೆ ಕಟ್ಟದೆ, ಊರನ್ನೇ ಸುಮಾರು ಏಳು ಕಿಲೋಮೀಟರ್ ದೂರಕ್ಕೆ, ಕಡಲಿನ ಬಳಿಗೆ ಒಯ್ದರು. ಸಣ್ಣ ಮೀನುಗಾರರಿಗೆ ಆ ಅನುಕೂಲವೆಲ್ಲಿ? ಬ್ಯೋರ್ಕೊಬಿ ಹಳ್ಳಿಯವರು ಹಳೆಯ ಬಂದರಿನಲ್ಲಿ ನೀರು ಸಾಲದಾದಾಗ ಅದನ್ನು ಬಿಟ್ಟು ಇನ್ನೊಂದು ಕಡೆ ದೋಣಿಮನೆಗಳನ್ನು ಹೂಡಬೇಕಾಯಿತು. ಹೂಳೆತ್ತಿ ದಾರಿ ಮಾಡಬಹುದು, ಆದರೆ ಅದಕ್ಕೆ ಹಣ ಬೇಕು.

ಹೊಸದಾಗಿ ಎದ್ದ ನೆಲ ಯಾರದು ಎಂಬುದು ಇನ್ನೊಂದು ತಕರಾರು. ಫಿನ್ಲೆಂಡಿನ ಕಾನೂನಿನಂತೆ ಅದು ದಡದ ಮನೆಯವನದಲ್ಲ. ಮೊದಲು ಅಲ್ಲಿದ್ದ ನೀರು ಯಾರ ಪಾಲಿಗಿತ್ತೋ, ಅವರದು. ಹಲವು ಕಡೆ ಅದು ಹಳ್ಳಿಯವರ ಜಂಟಿ ಆಸ್ತಿ. ಕಡಲ ಅಂಚಿನಲ್ಲಿ ಕಟ್ಟಿಸಿದ ಮನೆಗೂ ಕಡಲಿಗೂ ನಡುವೆ ಕೆಲವು ದಶಕಗಳಲ್ಲಿ ಬೇರೆಯವರ ಜಮೀನು ಹುಟ್ಟಿಕೊಳ್ಳುತ್ತದೆ! ಬೇಕಾದರೆ ಬೆಲೆ ಕೊಟ್ಟು ಪಡೆಯಬೇಕು.

ನೆಲ ಏಳುತ್ತಿದೆ ಎಂಬುದು ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ತಾಪಮಾಪಕದಿಂದ ನಮಗೆ ಪರಿಚಿತರಾದ ಆಂಡರ್ಸ್ ಸೆಲ್ಸಿಯಸ್ ಕೂಡ ಕಡಲೇ ಬತ್ತುತ್ತಿದೆ ಎಂದು ತಿಳಿದಿದ್ದರು. ಅದನ್ನು ಅಳೆಯಲು 1731ರಲ್ಲಿ ಅವರು ಸ್ವೀಡನ್ನಿನ ಕರಾವಳಿಯ ಲೋವ್‌ಗ್ರುಂಡ್ ದ್ವೀಪದ ಒಂದು ಬಂಡೆಗೆ ನೀರಿನ ಮಟ್ಟದಲ್ಲಿ ಗೆರೆ ಕೊರೆಸಿದರು. ಸೀಲ್‌ಗಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಬಂಡೆ ಅದು. ಆ ಗೆರೆ ಈಗಲೂ ಇದೆ, ನೀರಿನಿಂದ ಸುಮಾರು ಎರಡು ಮೀಟರ್ ಮೇಲೆ.