ಕವಿತೆಯೆಂಬ ಮದ್ದುಸೊಪ್ಪು

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನಿಂದ ಫೋನು ಮಾಡಿದಳು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಕವಿತೆ ಓದಿದರೆ ಮನಸ್ಸು ಸರಿಹೋಗುತ್ತದಂತೆ. ನನಗೆ ಯಾವುದಾದರೂ ಒಂದನ್ನು ಹೇಳಿ" ಎಂದಳು. ಜ್ವರಕ್ಕೆ ಮಾತ್ರೆ ಕೇಳುವ ಧಾಟಿಯಲ್ಲಿಯೇ ಕೇಳಿದಳು. ಅವಳ ಮನೆಯಲ್ಲಿ ಏನು ನಡೆದಿದೆಯೆಂದು ನನಗೆ ಗೊತ್ತಿತ್ತು. ಅದನ್ನು ಇಲ್ಲಿ ಬರೆಯುವುದು ಸಲ್ಲದು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನಿಗೆ ಆ ಕ್ಷಣದಲ್ಲಿ ಒಂದು ಕವಿತೆಯ ಹೆಸರೂ ಬಾಯಿಗೆ ಬರಲಿಲ್ಲ. "ನಾಳೆ ಹೇಳುತ್ತೇನಮ್ಮಾ" ಎಂದು ಫೋನು ಇಟ್ಟೆ.

ಆ ರಾತ್ರಿ ನನ್ನ ನೆನಪಿಗೆ ಬಂದದ್ದು ಕವಿತೆಯಲ್ಲ, 1991ನೆಯ ಇಸವಿಯ ಒಂಬತ್ತನೆಯ ತರಗತಿ.

ಬೇಂದ್ರೆಯವರು ತಮ್ಮ ಮಗು ತೀರಿಕೊಂಡಾಗ ಬರೆದ ಕವಿತೆಯನ್ನು ನೀವೆಲ್ಲರೂ ಬಲ್ಲಿರಿ. ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನೊಬ್ಬನ ಮಾತು ಅದು. ಪಠ್ಯದಲ್ಲಿ ಇರಲಿ, ಇಲ್ಲದಿರಲಿ, ಪ್ರತಿವರ್ಷವೂ ಮಳೆಗಾಲದಲ್ಲಿ ಒಂದು ಪಿರಿಯಡ್ಡನ್ನು ನಾನು ಅದಕ್ಕೆಂದೇ ತೆಗೆದಿಡುತ್ತಿದ್ದೆ. ಧಾರವಾಡದ ಮಾತಿನ ರೂಪಗಳನ್ನು ಮೊದಲ ಸಲ ಕೇಳಿದ ನಮ್ಮ ಕೊಡಗಿನ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಅವರು ನಕ್ಕು ಮುಗಿಯುವವರೆಗೆ ಕಾದು, ಕರಿಹಲಗೆಯ ಮೇಲೆ "ರಸ: ಕರುಣ. ಸ್ಥಾಯೀಭಾವ: ಶೋಕ" ಎಂದು ಬರೆಯುತ್ತಿದ್ದೆ. ನನ್ನ ಮಟ್ಟಿಗೆ ಪಾಠ ಅಲ್ಲಿಗೆ ಮುಕ್ಕಾಲುಪಾಲು ಮುಗಿದಂತೆ.

ಆ ವರ್ಷ ಎರಡನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ತೀರಿಕೊಂಡು ಹದಿನೈದು ದಿನಗಳಾಗಿದ್ದವು. ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಅವನ ರಜಾಚೀಟಿಗೆ ಸಹಿ ಹಾಕಿದವನೇ ನಾನು. ಆದರೂ ಅವನನ್ನೇ ಎಬ್ಬಿಸಿ ನಿಲ್ಲಿಸಿ ಭಾವಾರ್ಥ ಹೇಳೆಂದೆ. ಅವನು ನಿಂತ. ತುಟಿ ಅಲುಗಿತು, ಮಾತು ಬರಲಿಲ್ಲ. "ಅಳುವ ಪದ್ಯವೆಂದು ನೀನೂ ಅಳಬೇಕಾಗಿಲ್ಲ, ಅರ್ಥ ಹೇಳು ಸಾಕು" ಎಂದೆ. ತರಗತಿ ನಕ್ಕಿತು. ಅವನು ಕುಳಿತುಕೊಂಡ. ಎಸ್.ಎಸ್.ಎಲ್.ಸಿ. ಮುಗಿಸಿ ಹೋಗುವವರೆಗೂ ಅವನು ನನ್ನ ಪಿರಿಯಡ್ಡಿನಲ್ಲಿ ತಾನಾಗಿ ಬಾಯಿ ತೆರೆದುದನ್ನು ನಾನು ಕಾಣೆ.

ಆ ಮಾತನ್ನು ನಾನು ದುರುದ್ದೇಶದಿಂದ ಆಡಿದ್ದಲ್ಲ. ಕವಿತೆಯೆಂದರೆ ಹಲಗೆಯ ಮೇಲಿರುವ ವಸ್ತು, ದುಃಖವೆಂದರೆ ಮನೆಯಲ್ಲಿ ಬಿಟ್ಟು ಬರಬೇಕಾದದ್ದು ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವಾಗ 'ರಸಾಸ್ವಾದನೆ' ಎಂಬ ಉದ್ದೇಶಕ್ಕೆ ಒಂದು ಕಾಲಂ ಇತ್ತು. ಅದನ್ನು ತುಂಬಿಸಿ ಅಂಕ ಪಡೆದವರಲ್ಲಿ ನಾನೂ ಒಬ್ಬ.

ನನ್ನ ಪತ್ನಿ ತೀರಿಕೊಂಡದ್ದು 2021ರ ಜೂನ್ ತಿಂಗಳಲ್ಲಿ. ಕೊರೋನಾದ ಎರಡನೆಯ ಅಲೆಯ ಕಾಲ. ನಿಯಮದಂತೆ ಬೆರಳೆಣಿಕೆಯ ಜನ. ನಮ್ಮಲ್ಲಿ ಸಾವಾದಾಗ ಒಂದರ ಹಿಂದೊಂದು ಎರಡು ಗುಂಡು ಹಾರಿಸುವುದು ವಾಡಿಕೆ. ಅದನ್ನು ಕೇಳಿ ಊರಿಗೆ ಊರೇ ಬರುತ್ತದೆ. ಅಂದು ಗುಂಡು ಹಾರಿತು, ಊರು ಬರಲಿಲ್ಲ. ದುಡಿ ಹಿಡಿದು ಸಾವಿನ ಪಾಟ್ ಹಾಡುವ ನಾಲ್ವರೂ ಬರಲಿಲ್ಲ. ಅಲ್ಲಿಯವರೆಗೆ ಆ ಹಾಡನ್ನು ನಾನು ಶಾಸ್ತ್ರಕ್ಕಾಗಿ ಮಾಡುವ ಒಂದು ಕರ್ಮವೆಂದು ತಿಳಿದಿದ್ದೆ. ಅದಿಲ್ಲದ ಅಂಗಳದಲ್ಲಿ ನಿಂತಾಗ ತಿಳಿಯಿತು, ಮನೆಯವರ ಬಾಯಿ ಕಟ್ಟಿದ ಹೊತ್ತಿನಲ್ಲಿ ಅವರ ಪರವಾಗಿ ಮಾತಾಡಲು ಹಿರಿಯರು ಮಾಡಿಟ್ಟ ಏರ್ಪಾಡು ಅದು ಎಂದು. ಸತ್ತವರು ಯಾರು, ಹೇಗೆ ಬಾಳಿದರು ಎಂಬುದನ್ನು ಇನ್ನೊಬ್ಬರು ಗಟ್ಟಿಯಾಗಿ ಹೇಳಬೇಕು, ನಾವು ಕೇಳಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ, ಹಾಡುವವರ ಬಾಯಿಂದ ಕೇಳಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಅಚ್ಚುಹಾಕಿಸದೆ ಹೋಗಿದ್ದರೆ ಇವುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ! ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆದ ಆ ಪುಸ್ತಕವನ್ನು ಮಾದ ಕಳೆದ ಮೇಲೆ ಕಪಾಟಿನಿಂದ ತೆಗೆದೆ. ಒಬ್ಬನೇ ಕುಳಿತು ಸಾವಿನ ಹಾಡುಗಳನ್ನು ಓದಲು ನೋಡಿದೆ. ನಾಲ್ಕು ಕಂಠಗಳ ಹಾಡು ಒಂದು ಕಂಠಕ್ಕೆ ಒಗ್ಗಲಿಲ್ಲ. ಮುಚ್ಚಿಟ್ಟೆ.

ಬೆಂಗಳೂರಿನಿಂದ ಬಂದಿದ್ದ ಮಗಳು ಒಂದೂವರೆ ತಿಂಗಳು ನನ್ನೊಡನೆ ಇದ್ದಳು. ಅವಳೇನೂ ಕೇಳುತ್ತಿರಲಿಲ್ಲ. ಆದರೆ ಊಟದ ಮೇಜಿನಾಚೆ ಕುಳಿತು ನನ್ನನ್ನು ನೋಡುತ್ತಿದ್ದಳು. ಆ ನೋಟ ನನಗೆ ಸಹಿಸಲಾಗುತ್ತಿರಲಿಲ್ಲ. ತಟ್ಟೆಯಿಂದ ತಲೆ ಎತ್ತದೆ ಉಣ್ಣುತ್ತಿದ್ದೆ. ಹೀಗೆ ಒಂದು ರಾತ್ರಿ ತಲೆ ತಗ್ಗಿಸಿ ಕುಳಿತಿರುವಾಗ ಬೇಂದ್ರೆಯವರ ಕವಿತೆಯ ಮೊದಲ ಸಾಲು ಯಾರೋ ಪಕ್ಕದಲ್ಲಿ ನಿಂತು ಹೇಳಿದಂತೆ ಮನಸ್ಸಿಗೆ ಬಂದಿತು. ಮೂವತ್ತು ಬಾರಿ ಪಾಠ ಮಾಡಿದ ಸಾಲಿನ ಅರ್ಥ ನನಗಾದದ್ದು ಅಂದೇ. ಅದು ಸಮಾಧಾನ ಹೇಳುವ ಕವಿತೆಯಲ್ಲ. ವಿಧಿ, ಕರ್ಮ, ಕಾಲ ಎಲ್ಲವನ್ನೂ ಮರೆಸುತ್ತದೆ ಎಂದೇನೂ ಅದು ಹೇಳುವುದಿಲ್ಲ. ನಿನ್ನ ನೋಟ ನನ್ನಿಂದ ತಾಳಲಾಗುತ್ತಿಲ್ಲ ಎಂಬುದಿಷ್ಟನ್ನೇ ಬಾಯಿಬಿಟ್ಟು ಹೇಳುತ್ತದೆ. ನನಗೂ ಹೇಳಬೇಕಾಗಿದ್ದದ್ದು ಅಷ್ಟೇ.

ಗಟ್ಟಿಯಾಗಿ ಹೇಳತೊಡಗಿದೆ. ಒಂದು ನುಡಿ ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತು. ಮುಂದಿನದನ್ನು ಮಗಳು ಹೇಳಿದಳು. ಚಿಕ್ಕಂದಿನಲ್ಲಿ ನಾನೇ ಬಾಯಿಪಾಠ ಮಾಡಿಸಿದ್ದೆ. ನಡುವೆ ಒಂದು ಶಬ್ದ ತಪ್ಪಿದಳು. ನಾನು ತಿದ್ದಿದೆ! ಇಬ್ಬರಿಗೂ ನಗು ಬಂದಿತು, ಆಮೇಲೆ ಇಬ್ಬರೂ ಅತ್ತೆವು. ಆಕೆ ಹೋದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು.

ನಮ್ಮ ಮನೆಮಾತು ಕನ್ನಡವಲ್ಲ, ಕೊಡವ ತಕ್ಕ್. ಬೇಂದ್ರೆಯವರ ಮನೆಮಾತು ಕೂಡ ಕನ್ನಡವಾಗಿರಲಿಲ್ಲ, ಮರಾಠಿ. ತನ್ನ ಮನೆಯ ಅತ್ಯಂತ ಖಾಸಗಿಯಾದ ದುಃಖವನ್ನು ಅವರು ಊರಿನ ಭಾಷೆಗೆ ಒಪ್ಪಿಸಿದರು. ಅದು ಎಂಟು ದಶಕಗಳ ಮೇಲೆ ಇನ್ನೊಂದು ಮನೆಮಾತಿನ ಇನ್ನೊಂದು ಮನೆಗೆ ಬಂದು ಒದಗಿತು. ಮನೆಮಾತಿನಲ್ಲಿ ಆಡಲಾಗದ ಮಾತನ್ನು ಇನ್ನೊಂದು ಭಾಷೆಯ ಮರೆಯಲ್ಲಿ ನಿಂತು ಆಡುವುದು ಸುಲಭವೋ ಏನೋ. ಭಾಷಾಶಾಸ್ತ್ರ ಬಲ್ಲ ನನ್ನ ವಿದ್ಯಾರ್ಥಿಗಳು ಇದನ್ನು ಯೋಚಿಸಿ ತಿಳಿಸಬೇಕು.

ಬೇಂದ್ರೆಯವರಿಗೂ ನಮ್ಮ ನಾಡಿಗೂ ಇನ್ನೊಂದು ದುಃಖದ ನಂಟಿದೆ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮನವರು ಬೇಂದ್ರೆಯವರನ್ನು ಅಣ್ಣನಂತೆ ಕಂಡವರು. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಹಿಡಿದು, ಅವರನ್ನು ಬರಮಾಡಿಕೊಂಡು ಒಡವೆಗಳನ್ನು ಒಪ್ಪಿಸಿದವರು. 1939ರ ಏಪ್ರಿಲಿನಲ್ಲಿ ಈಜಲು ಇಳಿದ ನೀರಿನಲ್ಲಿಯೇ ಅವರು ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಬೇಂದ್ರೆಯವರು ಆ ತಂಗಿಗಾಗಿಯೂ ಕವಿತೆ ಬರೆದರು. ಬರೆದುದರಿಂದ ಅವರ ದುಃಖ ತೀರಿತೇ? ತೀರುವಂತಿದ್ದರೆ ಮಗುವಿನ ಮೇಲಿನ ಆ ಒಂದು ಕವಿತೆಗೇ ತೀರಬೇಕಾಗಿತ್ತು. ಮತ್ತೆ ಮತ್ತೆ ಬರೆಯಬೇಕಾಗಿ ಬಂದಿತೆಂಬುದೇ ನನ್ನ ವಾದಕ್ಕೆ ಆಧಾರ. ಕವಿತೆ ದುಃಖವನ್ನು ಗುಣಪಡಿಸುವುದಿಲ್ಲ. ಅದನ್ನು ಹೊರಲು ಒಂದು ಹಿಡಿಕೆಯನ್ನು ಮಾಡಿಕೊಡುತ್ತದೆ.

ಮದ್ದು ಎಂಬ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಸ್ಟುವರ್ಟ್ ಮಿಲ್ ಬಾಲ್ಯದಿಂದಲೂ ತರ್ಕ, ಅರ್ಥಶಾಸ್ತ್ರಗಳನ್ನು ಅರೆದು ಕುಡಿದವನು. 1826ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಯಾವುದರಲ್ಲಿಯೂ ರುಚಿಯಿಲ್ಲದ ಮಂಕಿಗೆ ಬಿದ್ದ. ಮೊದಲು ಯಾರೋ ಫ್ರೆಂಚ್ ಲೇಖಕನ ಆತ್ಮಕಥೆಯಲ್ಲಿ ತಂದೆಯ ಸಾವಿನ ಪ್ರಸಂಗವನ್ನು ಓದಿ ಕಣ್ಣೀರು ಬಂದಾಗ, ತಾನಿನ್ನೂ ಕಲ್ಲಾಗಿಲ್ಲವೆಂದು ಅವನಿಗೆ ಸಮಾಧಾನವಾಯಿತು. ಅನಂತರ ಬೈರನ್ನನ ಕಾವ್ಯ ಓದಿದ, ಒಂದಿಷ್ಟೂ ಉಪಯೋಗವಾಗಲಿಲ್ಲ. 1828ರಲ್ಲಿ ವರ್ಡ್ಸ್‌ವರ್ತನನ್ನು ಓದಿದ, ಅದು ನಾಟಿತು. ಅವನ ಆತ್ಮಕಥೆಯಲ್ಲಿ ಇದೆಲ್ಲ ವಿವರವಾಗಿದೆ. ವರ್ಡ್ಸ್‌ವರ್ತನ ಕವಿತೆಗಳು ತನಗೆ ಮದ್ದಾದವೆಂದೇ ಅವನು ಹೇಳುತ್ತಾನೆ. ಬೈರನ್ನನು ಸಣ್ಣ ಕವಿಯಲ್ಲ. ಆದರೂ ಅವನಿಗೆ ಒದಗಲಿಲ್ಲ. ಇನ್ನೊಬ್ಬರಿಗೆ ಕವಿತೆಯನ್ನು ಚೀಟಿ ಬರೆದು ಕೊಡಲು ಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಬೆಳಗಾಗುತ್ತಲೇ ನನ್ನ ಮೊಬೈಲಿಗೆ ಸೂರ್ಯೋದಯದ ಚಿತ್ರದೊಡನೆ ಬಂದು ಬೀಳುವ ಕಗ್ಗದ ಪದ್ಯಗಳನ್ನು ಕಂಡಾಗ ನನಗೆ ಇದೇ ನೆನಪಾಗುತ್ತದೆ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ. ಯಾವುದು ಯಾವ ದಿನ ಯಾರಿಗೆ ತಾಗುತ್ತದೆಂಬುದು ಕಳುಹಿಸುವವರ ಕೈಯಲ್ಲಿಲ್ಲ. (ಕಳುಹಿಸುವ ಬಂಧುಗಳು ಬೇಸರಿಸಬಾರದು. ಕಳುಹಿಸುತ್ತಿರಿ.)

ಕಕ್ಕಡ ಹದಿನೆಂಟರ ಮದ್ದುಸೊಪ್ಪನ್ನು ನೋಡಿ. ವರ್ಷವಿಡೀ ಬೇಲಿಯ ಬದಿಯಲ್ಲಿ ಬೆಳೆದಿರುತ್ತದೆ, ಯಾರೂ ಮುಟ್ಟುವುದಿಲ್ಲ. ಕಕ್ಕಡ ಹುಟ್ಟಿದ ಮೇಲೆ ದಿನಕ್ಕೊಂದರಂತೆ ಮದ್ದು ಅದಕ್ಕೆ ಸೇರಿ, ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಹದಿನೆಂಟು ಮದ್ದುಗಳೂ ಕೂಡುತ್ತವೆಂಬುದು ನಮ್ಮವರ ನಂಬಿಕೆ. ಅಂದು ಅದನ್ನು ಕುದಿಸಿ, ಆ ನೇರಳೆಯ ರಸದಲ್ಲಿ ಪಾಯಸ ಮಾಡುತ್ತೇವೆ. ಆ ವರ್ಷ ನಮ್ಮಲ್ಲಿ ಮಾಡಲಿಲ್ಲ. ಪಕ್ಕದ ಮನೆಯವರು ಒಂದು ಪಾತ್ರೆಯಲ್ಲಿ ತಂದಿಟ್ಟು ಹೋಗಿದ್ದರು. ದಿನ ಬಂದಾಗ ಕೊಯ್ಯಬೇಕಾದರೆ ಗಿಡ ಮೊದಲೇ ಹಿತ್ತಲಿನಲ್ಲಿ ಇರಬೇಕು. ಆದ್ದರಿಂದಲೇ ಬಾಯಿಪಾಠವನ್ನು ಹಳೆಯ ಕಾಲದ ಗಿಳಿಪಾಠವೆಂದು ಹೀಯಾಳಿಸುವವರ ಜೊತೆ ನಾನು ಇಂದಿಗೂ ಜಗಳಕ್ಕೆ ನಿಲ್ಲುತ್ತೇನೆ. ಅರ್ಥ ಆಗಲೇ ಆಗಬೇಕಾಗಿಲ್ಲ. ಹದಿನಾಲ್ಕರ ಮಗುವಿಗೆ ಪುತ್ರಶೋಕದ ಅರ್ಥ ಆಗಲೂಬಾರದು. ನಾವು ಮೇಷ್ಟ್ರುಗಳು ಮಾಡಿದ ತಪ್ಪು ಬಾಯಿಪಾಠ ಮಾಡಿಸಿದ್ದಲ್ಲ, ಅರ್ಥವನ್ನು ಅಂದೇ ವಸೂಲಿ ಮಾಡಲು ಹೊರಟದ್ದು.

ಓದುವುದಾಯಿತು, ಬರೆಯುವುದರ ವಿಚಾರ ಒಂದಿದೆ. ತೋಟದ ಮನೆಗಳಲ್ಲೆಲ್ಲ ಇರುವಂತೆ ನಮ್ಮಲ್ಲಿಯೂ ಒಂದು ಮಳೆ ಪುಸ್ತಕವಿದೆ. ಮದುವೆಯಾಗಿ ಬಂದ 1987ರಿಂದ ನನ್ನ ಪತ್ನಿ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ ಬರೆದಿಡುತ್ತಿದ್ದಳು. ಅವಳು ಹೋದ ಮೇಲೆ ಹಲವು ದಿನ ಯಾರೂ ಬರೆಯಲಿಲ್ಲ. ಆ ಸಾಲುಗಳು ಇಂದಿಗೂ ಖಾಲಿ. ಆಮೇಲೊಂದು ದಿನ ನಾನು "1 ಇಂಚು 35 ಸೆಂಟು" ಎಂದು ಬರೆದೆ. ಪಕ್ಕದಲ್ಲಿ, ಏಕೆಂದು ತಿಳಿಯದು, "ಎರಡು ಲೋಟ ಕಾಫಿ ಸೋಸಿದೆ" ಎಂದೂ ಬರೆದೆ. ಅಂದಿನಿಂದ ದಿನಕ್ಕೊಂದು ಸಾಲು. ಅದು ಕವಿತೆಯಲ್ಲ. ಆದರೆ ಆ ಒಂದು ಸಾಲನ್ನು ಹುಡುಕುವುದಕ್ಕಾಗಿ ದಿನಕ್ಕೆ ಹತ್ತು ನಿಮಿಷ ನನ್ನೊಡನೆ ನಾನು ಕೂರಬೇಕಾಗುತ್ತದೆ, ಅರವತ್ತು ದಾಟುವವರೆಗೆ ನಾನು ಮಾಡದಿದ್ದ ಕೆಲಸ. ಅಮೆರಿಕೆಯಲ್ಲಿ ಪೆನ್ನೆಬೇಕರ್ ಮತ್ತು ಬೀಲ್ ಎಂಬಿಬ್ಬರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬಾಳಿನ ಕಹಿ ಘಟನೆಗಳನ್ನು ಬರೆಯಿಸಿದರು. ಘಟನೆಯನ್ನೂ ಅದರಿಂದಾದ ನೋವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನಷ್ಟು ಕೆಟ್ಟಿತು. ಇದನ್ನು ಯಾರೂ ಹೇಳುವುದಿಲ್ಲ. ನನ್ನ ಅನುಭವವೂ ಹಾಗೆಯೇ. ಮೊದಲ ವಾರ ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದೆ.

ಇನ್ನೊಂದನ್ನು ಒತ್ತಿ ಹೇಳಬೇಕು. ನಿದ್ದೆ ಊಟಗಳು ತಪ್ಪಿ, ಬದುಕೇ ಬೇಡವೆನ್ನಿಸುವ ಸ್ಥಿತಿಯಲ್ಲಿರುವವರ ಕೈಗೆ ಕವನ ಸಂಕಲನ ಕೊಟ್ಟು ಕಳುಹಿಸುವುದು ಅಪರಾಧ. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿಯಿದೆ, ಸಂಖ್ಯೆ 14416, ಕನ್ನಡದಲ್ಲಿಯೂ ಮಾತಾಡಬಹುದು. ಮರ್ಯಾದೆಗೆ ಅಂಜಿ ಇಂಥದ್ದನ್ನು ಮುಚ್ಚಿಡುವ ಅಭ್ಯಾಸ ನಮ್ಮ ಮನೆತನಗಳಲ್ಲಿ ಬಹಳ.

ಮರುದಿನ ಮೈಸೂರಿನ ಹುಡುಗಿಗೆ ಫೋನು ಮಾಡಿದೆ. (ಹುಡುಗಿ ಎಂದೆ, ಅವಳಿಗೀಗ ನಲವತ್ತಾರು.) ಕವಿತೆಯ ಹೆಸರು ಹೇಳಲಿಲ್ಲ. "ನಿನಗೆ ಬಾಯಿಗೆ ಬರುವುದು ಯಾವುದಿದೆಯೋ ಅದನ್ನು ಹೇಳು, ಕೇಳುತ್ತೇನೆ" ಎಂದೆ. ಪಂಜೆಯವರ ಹುತ್ತರಿ ಹಾಡನ್ನು ಹೇಳಿದಳು. ಶೋಕಕ್ಕೂ ಅದಕ್ಕೂ ಏನು ಸಂಬಂಧ? ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದ ಪಂಜೆಯವರು ಈ ನಾಡನ್ನು ಹೊಗಳಿ ಬರೆದ ಹಾಡು ಅದು. ಆದರೆ ಹೇಳುತ್ತಾ ಹೇಳುತ್ತಾ ಅವಳ ದನಿ ಒದ್ದೆಯಾಯಿತು. ನಾನು ತಿದ್ದಲಿಲ್ಲ, ಅರ್ಥವನ್ನೂ ಕೇಳಲಿಲ್ಲ. ಈಗ ವಾರಕ್ಕೊಮ್ಮೆ ಅವಳೇ ಫೋನು ಮಾಡುತ್ತಾಳೆ.

ಎರಡನೆಯ ಬೆಂಚಿನ ಹುಡುಗನನ್ನು ನಾನು ಮತ್ತೆ ಕಂಡದ್ದು 2018ರ ಆಗಸ್ಟಿನಲ್ಲಿ, ಗುಡ್ಡಗಳು ಕುಸಿದ ವಾರ, ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ. ಪರಿಹಾರ ಕೇಂದ್ರವೊಂದರಲ್ಲಿ ಅಕ್ಕಿಮೂಟೆ ಹೊರುತ್ತಿದ್ದವನು ಅದನ್ನು ಕೆಳಗಿಳಿಸಿ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಮನೆಮಂದಿ ಸೌಖ್ಯವೇ ಎಂದು ಕೇಳಿದೆ. ಸೌಖ್ಯವೆಂದ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಜನರಿದ್ದರು, ಮಳೆಯಿತ್ತು, ಮೂಟೆ ಬಾಕಿಯಿತ್ತು, ನೆಪಗಳಿಗೆ ಕೊರತೆಯಿರಲಿಲ್ಲ. ನಿನ್ನ ಬ್ಯಾಚಿನವರು ಕೆಲವರು ಇದನ್ನು ಓದುತ್ತಾರೆಂದು ನನಗೆ ಗೊತ್ತಿದೆ, ಯಾರಾದರೂ ನಿನಗೆ ತಲುಪಿಸಿಯಾರು. ಅಂದು ನೀನು ಬಾಯಿ ತೆರೆಯದೆ ನಿಂತದ್ದೇ ಆ ಕವಿತೆಯ ಸರಿಯಾದ ಭಾವಾರ್ಥವಾಗಿತ್ತು ಮಗೂ. ಅದು ನನಗೆ ತಿಳಿಯಲಿಲ್ಲ. ನನ್ನನ್ನು ಕ್ಷಮಿಸು. ಈ ಕಡೆ ಬಂದರೆ ಮನೆಗೆ ಬಾ.